ಹದಿನಾರನೇ ದಿನ ಗುಳಿಗೆ ಖಾಲಿಯಾದರೆ

ಪ್ರಶ್ನೆ: ನಮ್ಮ ಅವ್ವನಿಗೆ 58 ವರ್ಷ. ಹೃದಯ ದುರ್ಬಲವಾಗಿದೆ, ಪಂಪ್ ಸರಿಯಾಗಿ ಆಗುತ್ತಿಲ್ಲ ಎಂದಿದ್ದಾರೆ. ನಾಲ್ಕು ತಿಂಗಳಲ್ಲಿ ಮೂರು ಸಲ ಕಲಬುರಗಿಗೆ ತಂದು ಅಡ್ಮಿಟ್ ಮಾಡಿದೆವು. ಪ್ರತಿ ಸಲವೂ ಅದೇ ದಮ್ಮು, ಕಾಲು ಬಾವು. ಮೊದಲ ಸಲ ಪಕ್ಕದ ಬೆಡ್‌ನಲ್ಲಿದ್ದ ನಿವೃತ್ತ ಮಾಸ್ತರರಿಗೂ ಇದೇ ಕಾಯಿಲೆ. ಅವರು ಮತ್ತೆ ಅಡ್ಮಿಟ್ ಆಗಿಲ್ಲ. ಅವ್ವ ಸ್ವಲ್ಪ ಹುಷಾರಾದರೆ ಸಾಕು, ಹತ್ತಿ ಬಿಡಿಸಲು ಹೋಗುತ್ತಾಳೆ. ನಾನು ಬೆಂಗಳೂರಿನಲ್ಲಿ ಗಾರೆ ಕೆಲಸದಲ್ಲಿದ್ದೇನೆ. ‘ನೀವು ಸರಿಯಾಗಿ ನೋಡಿಕೊಳ್ಳಲ್ಲ’ ಎಂದು ಬೈಸಿಕೊಂಡೆವು. ತಪ್ಪು ನಮ್ಮದೇನಾ?
– ಓದುಗರು, ಶಹಾಪುರ ತಾಲ್ಲೂಕು

ಉತ್ತರ: ಅಷ್ಟು ದೂರದಿಂದ ಮೂರು ಸಲ ಕರೆತಂದವರು ನೀವು. ನೋಡಿಕೊಳ್ಳಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಮಾಸ್ತರರಿಗೂ ನಿಮ್ಮ ಅವ್ವನಿಗೂ ಕಾಯಿಲೆ ಒಂದೇ, ಬಹುಶಃ ಗುಳಿಗೆಗಳೂ ಒಂದೇ. ಆದರೆ ಅವರು ಮರಳಿದ್ದು ತಿಂಗಳಿಗೊಮ್ಮೆ ಪಿಂಚಣಿ ಬರುವ ಮನೆಗೆ. ಅವ್ವ ಮರಳಿದ್ದು ಕೂಲಿ ಬಿಟ್ಟರೆ ಸಂತೆ ನಿಲ್ಲುವ ಮನೆಗೆ. ರೋಗಿ ಮತ್ತೆ ವಾರ್ಡಿಗೆ ಬರುವುದು ಎಷ್ಟೋ ಸಲ ಈ ವ್ಯತ್ಯಾಸದಿಂದಲೇ.

ಇದನ್ನು ನನಗೆ ಕಲಿಸಿದ್ದು ಒಬ್ಬ ತಾಯಿ. ಮೈಯಲ್ಲಿ ನಿಂತ ನೀರನ್ನು ಮೂತ್ರದಲ್ಲಿ ಹೊರಹಾಕುವ ‘ನೀರಿನ ಗುಳಿಗೆ’ಯ ಪಟ್ಟಿ (ಸ್ಟ್ರಿಪ್) ತೋರಿಸಿ ಅಂದೆ. ಅರ್ಧದಷ್ಟು ಗುಳಿಗೆ ಹಾಗೇ ಉಳಿದಿದ್ದವು. ಯಾಕಮ್ಮ ಅಂದರೆ, ‘ಅದು ನುಂಗಿದ್ರ ತಾಸಿಗೊಮ್ಮೆ ಏಳ್ಬೇಕಾಗ್ತದ್ರಿ. ಹೊಲದಾಗ ಗಂಡಸರ ಮುಂದ ಎಲ್ಲಿ ಹೋಗ್ಲಿ?’ ಅಂದರು. ಕೂಲಿ ಇದ್ದ ದಿನವೆಲ್ಲ ಬಿಟ್ಟಿದ್ದರು, ಮನೆಯಲ್ಲಿದ್ದ ದಿನ ತಪ್ಪದೆ ನುಂಗಿದ್ದರು. ಅಲ್ಲಿಯವರೆಗೆ ನಾನೂ ‘ಬಿಡಬೇಡಿ’ ಎಂದು ಗದರುತ್ತಿದ್ದೆ, ಅಷ್ಟೇ. ಅವರಿಗೆ ಬೆಳಗಿನ ಗುಳಿಗೆಯನ್ನು ಹೊಲದಿಂದ ಬಂದ ಮೇಲೆ, ಸಂಜೆ ನಾಲ್ಕರ ಸುಮಾರಿಗೆ ತೆಗೆದುಕೊಳ್ಳಲು ಹೇಳಿದೆ. ಆಮೇಲೆ ಬಿಡಲಿಲ್ಲ. ನಿಮ್ಮ ಅವ್ವನನ್ನೂ ಇದನ್ನೇ ಕೇಳಿ ನೋಡಿ. ಮಗನ ಹತ್ತಿರ ಹೇಳಲು ನಾಚಿಕೆಯಾದೀತು, ಮನೆಯ ಹೆಂಗಸರೋ ಆಶಾ ಕಾರ್ಯಕರ್ತೆಯೋ ಕೇಳಲಿ. ಗುಳಿಗೆಯ ಹೊತ್ತನ್ನು ಮಾತ್ರ ನೀವೇ ಬದಲಿಸಬೇಡಿ, ವೈದ್ಯರಿಗೆ ಕಾರಣ ಹೇಳಿ ಬದಲಿಸಿಕೊಳ್ಳಿ.

ಎರಡನೆಯದು ದುಡ್ಡಿನ ಮಾತು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆಯುಷ್ಮಾನ್ ಭಾರತದ ನಿಯಮದಲ್ಲಿ ಡಿಸ್ಚಾರ್ಜ್ ಆದ ಮೇಲಿನ 15 ದಿನಗಳ ಔಷಧಿ ಖರ್ಚೂ ಸೇರಿದೆ. ಆದರೆ ಈ ಕಾಯಿಲೆ ಜೀವನಪರ್ಯಂತದ್ದು. ಹದಿನಾರನೇ ದಿನದಿಂದ ಗುಳಿಗೆ ಕೊಳ್ಳುವವರು ಯಾರು? ಅದನ್ನು ಡಿಸ್ಚಾರ್ಜ್ ದಿನವೇ, ಚೀಟಿ ಕೈಗೆ ಬರುವ ಮೊದಲೇ ಕೇಳಬೇಕು. ಇವುಗಳಲ್ಲಿ ಯಾವುದು ನಮ್ಮೂರಿನ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತದೆ? ಉಳಿದವನ್ನು ಜನೌಷಧಿ ಅಂಗಡಿಯಲ್ಲಿ ಸಿಗುವ ಹಾಗೆ ಜನರಿಕ್ ಹೆಸರಲ್ಲಿ, ಅಂದರೆ ಕಂಪನಿಯ ಹೆಸರಲ್ಲದೆ ಔಷಧಿಯ ಮೂಲ ಹೆಸರಲ್ಲಿ, ಬರೆದುಕೊಡುತ್ತೀರಾ? ಕೇಳಲು ಹಿಂಜರಿಯಬೇಡಿ. ಬರೆದುಕೊಡುವುದು ನಮ್ಮ ಕೆಲಸ.

ತಪಾಸಣೆಗೆ ಬರುವುದೂ ಸುಮ್ನೆ ಆಗುವ ಮಾತಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಅವ್ವನಿಗೆ ಸರ್ಕಾರಿ ಬಸ್ಸು ಉಚಿತ, ನಿಜ. ಆದರೆ ಜೊತೆಗೆ ಬರುವ ಗಂಡಸಿಗೆ ಟಿಕೆಟ್ ಬೇಕು, ಇಬ್ಬರ ಕೂಲಿಯೂ ಹೋಗುತ್ತದೆ. ಹಾಗೆಂದು ಡಿಸ್ಚಾರ್ಜ್ ಆದ ಒಂದೆರಡು ವಾರದೊಳಗಿನ ಮೊದಲ ತಪಾಸಣೆಯನ್ನು ಬಿಡುವಂತಿಲ್ಲ. ಅದನ್ನು ಶಹಾಪುರದ ತಾಲ್ಲೂಕು ಆಸ್ಪತ್ರೆಯಲ್ಲೇ ಮಾಡಿಸಬಹುದಾ ಎಂದು ಕೇಳಿ.

ಇದು ನಮ್ಮ ಭಾಗದ ಕಥೆ ಮಾತ್ರವಲ್ಲ. ಅಮೆರಿಕದಲ್ಲಿ 2012ರ ಅಕ್ಟೋಬರ್‌ನಿಂದ, 30 ದಿನದೊಳಗೆ ರೋಗಿಗಳು ಜಾಸ್ತಿ ಮರಳಿ ಬರುವ ಆಸ್ಪತ್ರೆಗಳಿಗೆ ಸರ್ಕಾರ ಹಣ ಕಡಿತ ಮಾಡತೊಡಗಿತು. ಪೆಟ್ಟು ಹೆಚ್ಚಾಗಿ ಬಿದ್ದದ್ದು ಬಡವರನ್ನು ನೋಡುವ ಆಸ್ಪತ್ರೆಗಳಿಗೆ. ಕೊನೆಗೆ 2016ರಲ್ಲಿ ಕಾನೂನು ತಿದ್ದಿದರು. ಬಡ ರೋಗಿಗಳು ಹೆಚ್ಚಿರುವ ಆಸ್ಪತ್ರೆಯನ್ನು ಅಂಥದ್ದೇ ಆಸ್ಪತ್ರೆಗಳ ಜೊತೆ ಹೋಲಿಸಬೇಕು ಎಂದಾಯಿತು. ಆದರೆ ರೋಗಿ ಬಡವ ಎಂದು ಹೇಳಿ ನಾವು ವೈದ್ಯರು ಕೈ ತೊಳೆದುಕೊಳ್ಳುವುದೂ ಸರಿಯಲ್ಲ. ಕನ್ನಡ ಓದುವವರ ಕೈಗೆ ಇಂಗ್ಲಿಷ್ ಚೀಟಿ ಕೊಟ್ಟು ಕಳಿಸುವುದು ನಮ್ಮದೇ ತಪ್ಪು, ಬಡತನದ್ದಲ್ಲ.

ಇನ್ನು ಉಪ್ಪು. ಜೋಳದ ರೊಟ್ಟಿಯಿಂದ ತೊಂದರೆಯಿಲ್ಲ. ತರಕಾರಿ ತುಟ್ಟಿಯಾದಾಗ ರೊಟ್ಟಿ ಜೊತೆ ನಂಜಿಕೊಳ್ಳುವ ಉಪ್ಪಿನಕಾಯಿ, ಹಿಂಡಿ, ಸಂಡಿಗೆಯಲ್ಲೇ ಉಪ್ಪೆಲ್ಲ ಇರುವುದು. ದಿನವಿಡೀ ಅಡುಗೆಗೂ ಸೇರಿ ಒಂದು ಸಣ್ಣ ಟೀ ಚಮಚ ದಾಟಬಾರದು. ಶೇಂಗಾ ಹಿಂಡಿಯನ್ನು ಅವ್ವನಿಗೆ ಉಪ್ಪಿಲ್ಲದೆ ಬೇರೆ ಕುಟ್ಟಿ, ಬೇಕಾದರೆ ನಿಂಬೆಹುಳಿ ಹಿಂಡಿ.

ದಿನಾ ಬೆಳಿಗ್ಗೆ ತೂಕ ನೋಡಿ ಎಂದು ನಾವು ಹೇಳುತ್ತೇವೆ. ತೂಕದ ಯಂತ್ರ ಎಷ್ಟು ಮನೆಯಲ್ಲಿದೆ? ಹತ್ತಿರದ ಉಪಕೇಂದ್ರದಲ್ಲಿ ವಾರಕ್ಕೆ ಎರಡು ಸಲವಾದರೂ ನೋಡಿಸಿ. ಮನೆಯಲ್ಲಿ ಹೆಬ್ಬೆರಳಿನಿಂದ ಮೊಣಕಾಲಿನ ಕೆಳಗೆ, ಮುಂದಿನ ಎಲುಬಿನ ಮೇಲೆ ಹತ್ತು ಎಣಿಸುವಷ್ಟು ಹೊತ್ತು ಒತ್ತಿ. ಬೆರಳು ತೆಗೆದ ಮೇಲೂ ಕುಣಿ ಉಳಿದರೆ ನೀರು ನಿಂತಿದೆ ಎಂದರ್ಥ. ಎರಡು ಮೂರು ದಿನದಲ್ಲಿ 2 ಕೆ.ಜಿ. ಏರಿದರೂ, ಒಂದು ದಿಂಬಿನ ಬದಲು ಎರಡು ಬೇಕೆನಿಸಿದರೂ ಅವತ್ತೇ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಮಲಗಲಾಗದಷ್ಟು ದಮ್ಮು ಬಂದರೆ 108ಕ್ಕೆ ಫೋನ್ ಮಾಡಿ. ಹೋಗುವಾಗ ಹಳೆಯ ಚೀಟಿಗಳ ಜೊತೆ ಗುಳಿಗೆ ಪಟ್ಟಿಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ, ಖಾಲಿಯಾದವು, ಅರ್ಧ ಉಳಿದವು ಎಲ್ಲವನ್ನೂ.