ಮಕ್ಕಳ ಬಾಸ್ಕೆಟ್‌ಬಾಲ್ ತಂಡಕ್ಕೆ ಕೋಚ್ ಆಗಿದ್ದೇನೆ. ರೆಫರಿಗಳು ನನ್ನ ಮಾತು ಕೇಳುವ ಹಾಗೆ ಹೇಗೆ ಮಾತಾಡಬೇಕು? ನಾನು ಸುಮ್ಮನಿದ್ದರೆ ಮಕ್ಕಳಿಗೆ ಅನ್ಯಾಯ ಆಗುತ್ತೆ. ಪಂದ್ಯಕ್ಕೆ ಮೊದಲೇ ಅವರ ಪರಿಚಯ ಮಾಡಿಕೊಂಡರೆ ಅನುಕೂಲವಾಗುತ್ತಾ?

"ನಾನು ಸುಮ್ಮನಿದ್ದರೆ ಮಕ್ಕಳಿಗೆ ಅನ್ಯಾಯ ಆಗುತ್ತೆ" ಅಂತ ಬರೆದಿದ್ದೀರಲ್ಲ, ಅದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ವರ್ಷಗಟ್ಟಲೆ ಅದೇ ಮಾತು ಹೇಳಿಕೊಂಡು ತಿರುಗಿದವನು ನಾನು.

ಅಂಡರ್-14 ಹುಡುಗಿಯರ ಸೆಮಿಫೈನಲ್. ನಾಲ್ಕನೇ ಕ್ವಾರ್ಟರ್‌ನಲ್ಲಿ ಇನ್ನೂ 6 ನಿಮಿಷ ಬಾಕಿ, ನಾವು 7 ಪಾಯಿಂಟ್ ಮುಂದೆ. ಎರಡನೇ ಕ್ವಾರ್ಟರ್‌ನಲ್ಲೇ ಕೂಗಾಡಿ ನಾನು ಒಂದು ಟೆಕ್ನಿಕಲ್ ಫೌಲ್ ತಗೊಂಡಾಗಿತ್ತು. ನಮ್ಮ ಹುಡುಗಿ ಲೇಅಪ್‌ಗೆ, ಅಂದರೆ ಓಡಿಬಂದು ಹಾರಿ ಬುಟ್ಟಿಗೆ ಬಾಲ್ ಹಾಕಲು, ನುಗ್ಗಿದಳು. ಎದುರಿನ ಡಿಫೆಂಡರ್‌ಗೆ ಡಿಕ್ಕಿ, ಇಬ್ಬರೂ ನೆಲಕ್ಕೆ. ಸೀಟಿ. ಚಾರ್ಜ್, ಅಂದರೆ ಬಾಲ್ ಇರುವವಳೇ ಡಿಫೆಂಡರ್‌ಗೆ ಗುದ್ದಿದ ಫೌಲ್, ನಮ್ಮವಳ ಮೇಲೆ. ಅವಳಿಗೆ ಅದು ನಾಲ್ಕನೇ ಫೌಲ್.

"ಡಿಫೆಂಡರ್ ನಿಂತೇ ಇರಲಿಲ್ಲ!" ಅಂತ ಕಿರುಚಿದೆ. ರೆಫರಿ ಅಂಗೈ ತೋರಿಸಿ ಸಾಕು ಅಂದರು. ನಾನು ಪ್ರೇಕ್ಷಕರ ಕಡೆ ತಿರುಗಿ, ಕೈ ಮೇಲೆತ್ತಿ, ನಿಧಾನಕ್ಕೆ ಚಪ್ಪಾಳೆ ತಟ್ಟಿದೆ. ಎರಡನೇ ಟೆಕ್ನಿಕಲ್. ಫಿಬಾ (ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ) ನಿಯಮದಲ್ಲಿ ಕೋಚ್ ತನ್ನ ನಡವಳಿಕೆಗೆ ಇಂಥ ಎರಡು ತಗೊಂಡರೆ ಪಂದ್ಯದಿಂದಲೇ ಹೊರಗೆ. ಗ್ಯಾಲರಿಯಲ್ಲಿ ಹೋಗಿ ಕೂರುವ ಹಾಗೂ ಇಲ್ಲ. ಡ್ರೆಸ್ಸಿಂಗ್ ರೂಮಿಗೆ ಹೋಗಬೇಕು, ಇಲ್ಲವೇ ಕಟ್ಟಡವನ್ನೇ ಬಿಡಬೇಕು.

ಈ ಕಥೆ ಕೇಳಿದವರೆಲ್ಲ ತಪ್ಪು ಚಪ್ಪಾಳೆಯದು ಅಂತಾರೆ. ಅಲ್ಲ. ಡಿಫೆಂಡರ್ ಕಂಬದ ಹಾಗೆ ನಿಂತಿದ್ದರೆ ಮಾತ್ರ ಚಾರ್ಜ್, ಕಾಲು ಅಲ್ಲಾಡಿದರೆ ಬ್ಲಾಕ್ (ಡಿಫೆಂಡರ್ ಮೇಲಿನ ಫೌಲ್) ಅಂತ ನಾನು ನಂಬಿದ್ದೆನಲ್ಲ, ತಪ್ಪು ಅಲ್ಲಿತ್ತು. ನನಗೆ ನನ್ನ ಕೋಚ್ ಹಾಗೇ ಹೇಳಿಕೊಟ್ಟಿದ್ದರು. ಪುಸ್ತಕ ತೆಗೆದು ಓದಿದವನಲ್ಲ ನಾನು. ಪುಸ್ತಕದಲ್ಲಿ ಇರುವುದೇ ಬೇರೆ. ಡಿಫೆಂಡರ್ ಮೊದಲು ಎದುರಾಳಿಗೆ ಮುಖ ಮಾಡಿ ಎರಡೂ ಕಾಲು ನೆಲಕ್ಕೆ ಊರಿರಬೇಕು. ಆಮೇಲೆ ಪಕ್ಕಕ್ಕೋ ಹಿಂದಕ್ಕೋ ಸರಿಯಬಹುದು, ತನ್ನ ಜಾಗದಲ್ಲೇ ನೇರ ಮೇಲಕ್ಕೆ ಹಾರಬಹುದು. ಬಾಲ್ ಇರುವವಳಿಗೆ ಇಷ್ಟು ದೂರ ಬಿಡಬೇಕು, ಇಷ್ಟು ಹೊತ್ತು ಕೊಡಬೇಕು ಅನ್ನುವ ಲೆಕ್ಕವೂ ಇಲ್ಲ. ಅವಳು ನೆಲ ಬಿಟ್ಟು ಹಾರಿದ ಮೇಲೆ ಮಾತ್ರ ಅವಳ ದಾರಿಗೆ ಹೊಸದಾಗಿ ಬರುವಂತಿಲ್ಲ, ಅಷ್ಟೇ. ಅವತ್ತು ಸಂಜೆ ಒಬ್ಬ ತಾಯಿಯ ಫೋನಿನಲ್ಲಿ ವಿಡಿಯೋ ನೋಡಿದೆ. ಒಂದಲ್ಲ, ಹತ್ತು ಸಲ. ನಮ್ಮವಳು ಹಾರುವ ಮೊದಲೇ ಆ ಹುಡುಗಿ ಅಲ್ಲಿ ಬಂದಾಗಿತ್ತು. ಹಿಂದಕ್ಕೆ ಸರಿಯುತ್ತಿದ್ದಳು, ನಿಜ. ಆದರೆ ಸೀಟಿ ಸರಿಯಾಗಿತ್ತು. ಫೋನ್ ವಾಪಸ್ ಕೊಡುವಾಗ ಆ ತಾಯಿಯ ಮುಖ ನೋಡಲಿಲ್ಲ.

ಟೆಕ್ನಿಕಲ್‌ಗೆ ಅವರಿಗೆ ಸಿಕ್ಕಿದ್ದು 1 ಫ್ರೀ ಥ್ರೋ, ಅದೂ ಹೊರಗೆ ಹೋಯಿತು. ಲೆಕ್ಕದಲ್ಲಿ ನಷ್ಟ ಸೊನ್ನೆ. ಆದರೆ ನನಗೆ ಸಹಾಯಕ ಕೋಚ್ ಇರಲಿಲ್ಲ. ಹಾಗಾದಾಗ ತಂಡದ ನಾಯಕಿಯೇ ಕೋಚ್ ಆಗಬೇಕು. 13 ವರ್ಷದ ಹುಡುಗಿ. ನಮ್ಮ ಹತ್ತಿರ 2 ಟೈಮ್‌ಔಟ್ ಉಳಿದಿದ್ದವು. ಎದುರಿನವರು ಸತತವಾಗಿ ಸ್ಕೋರ್ ಮಾಡುತ್ತಿರುವುದು ಡ್ರೆಸ್ಸಿಂಗ್ ರೂಮಿನ ಗೋಡೆಯಾಚೆಯ ಗದ್ದಲದಲ್ಲೇ ಗೊತ್ತಾಗುತ್ತಿತ್ತು. 3 ಪಾಯಿಂಟ್‌ನಿಂದ ಸೋತೆವು. ಅವಳು ಬಂದು ಕೇಳಿದ್ದು ಒಂದೇ: "ಸರ್, ಟೈಮ್‌ಔಟ್ ನಾನೇ ಕೇಳಬಹುದಿತ್ತಾ?"

ಅದಕ್ಕೇ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುತ್ತಿಲ್ಲ. ರೆಫರಿ ನಿಮ್ಮ ಮಾತು ಕೇಳಬೇಕಾದರೂ ಯಾಕೆ? ಕೋಚ್ ಕೂಗಿದ್ದಕ್ಕೆ ಚಾರ್ಜ್ ಹೋಗಿ ಬ್ಲಾಕ್ ಆಗಿದ್ದನ್ನು ನಾನಂತೂ ಒಮ್ಮೆಯೂ ನೋಡಿಲ್ಲ. ಪಂದ್ಯಕ್ಕೆ ಮೊದಲೇ ಪರಿಚಯ ಮಾಡಿಕೊಂಡರೆ ಅನುಕೂಲವಾಗುತ್ತಾ ಅಂತಲೂ ಕೇಳಿದ್ದೀರಿ. ನಮಸ್ಕಾರ ಹೇಳಿ, ಅಷ್ಟು ಸಾಕು. ಅದರಿಂದ ಲಾಭ ಎಣಿಸಿದರೆ ಅವರಿಗೂ ಗೊತ್ತಾಗುತ್ತೆ.

ಬದಲಿಗೆ ಪ್ರಾಕ್ಟೀಸ್ ಪಂದ್ಯಗಳಲ್ಲಿ ನೀವೇ ಸೀಟಿ ಹಿಡಿಯಿರಿ. ನಾನು ಹಿಡಿದ ಮೊದಲ ದಿನ ಹತ್ತು ನಿಮಿಷಕ್ಕೇ ಸುಸ್ತಾದೆ. ಕಾಲು ನೋಡುತ್ತಾ ಕೂತರೆ ಕೈ ತಪ್ಪುತ್ತೆ, ಕೈ ನೋಡಿದರೆ ಟ್ರಾವೆಲಿಂಗ್ (ಬಾಲ್ ಹಿಡಿದು ಹೆಚ್ಚು ಹೆಜ್ಜೆ ಇಡುವುದು) ತಪ್ಪುತ್ತೆ. ನನ್ನ ತಂಡದ ಮಕ್ಕಳೇ ನನ್ನ ಮೇಲೆ ರೇಗಿದರು! ಮಕ್ಕಳ ಪಂದ್ಯಕ್ಕೆ ಬರುವ ರೆಫರಿಗಳಲ್ಲಿ ಎಷ್ಟೋ ಜನ ತಾವೂ ಕಲಿಯುತ್ತಿರುವ ಹುಡುಗರು, ಅದು ನೆನಪಿರಲಿ.

ಕೇಳಲೇಬೇಕಾದ್ದು ಇದ್ದರೆ ನಾಯಕಿಯನ್ನು ಕಳಿಸಿ. ಬಾಲ್ ಡೆಡ್ ಆಗಿ ಗಡಿಯಾರ ನಿಂತಾಗ ರೆಫರಿ ಹತ್ತಿರ ಮರ್ಯಾದೆಯಿಂದ ವಿಚಾರಿಸುವ ಹಕ್ಕನ್ನು ನಿಯಮವೇ ಅವಳಿಗೆ ಕೊಟ್ಟಿದೆ. "ಅದು ಫೌಲ್ ಅಲ್ಲ" ಅಂತಲ್ಲ, "ನಮ್ಮ 8ನೇ ನಂಬರ್ ಎಲ್ಲಿ ತಪ್ಪಿದಳು?" ಅಂತ. ಉತ್ತರ ಬಂದರೆ ಅದು ನಿಮ್ಮ ಮುಂದಿನ ಪ್ರಾಕ್ಟೀಸ್‌ಗೆ ಆಯಿತು. ಮೊಣಕೈ ಬೀಸಾಟ ಜಾಸ್ತಿಯಾಗಿ ಯಾರಿಗಾದರೂ ಪೆಟ್ಟಾಗುವ ಹಾಗಿದ್ದರೆ ಮಾತ್ರ ಕಾಯಬೇಡಿ, ಟೈಮ್‌ಔಟ್ ತಗೊಂಡು ನೀವೇ ಹೇಳಿ.

ಈಗ ಪ್ರತಿ ಸೀಸನ್‌ನ ಮೊದಲ ದಿನ ನಾಯಕಿಯನ್ನು ಸ್ಕೋರರ್ ಟೇಬಲ್ ಹತ್ತಿರ ಕರಕೊಂಡು ಹೋಗಿ ಟೈಮ್‌ಔಟ್ ಕೇಳುವುದನ್ನು ಅಭ್ಯಾಸ ಮಾಡಿಸುತ್ತೇನೆ. ಒಂದು ಅಂಗೈ, ಅದಕ್ಕೆ ಒಂದು ಬೆರಳು, ಟಿ ಆಕಾರ. ಎರಡೂ ಅಂಗೈಯಿಂದ ಅದೇ ಟಿ ಮಾಡಿದರೆ ಅದು ಟೆಕ್ನಿಕಲ್ ಫೌಲ್‌ನ ಸನ್ನೆ. ಅದನ್ನು ಹೇಳಿಕೊಡುವುದು ಬೇಕಾಗಲ್ಲ, ನನ್ನಿಂದಾಗಿ ಹಳೆಯ ಮಕ್ಕಳಿಗೆಲ್ಲ ಚೆನ್ನಾಗಿ ಗೊತ್ತು.