ದರೋಜಿಗೆ ಬಿಡಬಾರದೇ?

ಹೊಸಪೇಟೆಯ ಓದುಗರೊಬ್ಬರ ಪತ್ರ ಬಂದಿದೆ. "ಬನ್ನೇರುಘಟ್ಟದ ಕರಡಿ ಪುನರ್ವಸತಿ ಕೇಂದ್ರ ನೋಡಿ ಬಂದೆವು. ಕುಣಿಸುವವರಿಂದ ಬಿಡಿಸಿ ತಂದು ಮತ್ತೆ ಬೇಲಿಯೊಳಗೇ ಇಟ್ಟರೆ ಅದೆಂಥ ಬಿಡುಗಡೆ? ನಮ್ಮ ದರೋಜಿ ಕರಡಿಧಾಮದ ಕಾಡಿಗೆ ಬಿಡಬಾರದೇ? ಒಂದು ಕರಡಿ ನಿಂತಲ್ಲೇ ತಲೆ ಆಡಿಸುತ್ತಿತ್ತು. ಕುಣೀತಿದೆ ಅಂತ ಮಗಳು ಚಪ್ಪಾಳೆ ತಟ್ಟಿದಳು."

ನೀವು ಕೇಳಿದ್ದು ಸರಿಯೇ. ಆದರೆ ಆ ಕರಡಿಯ ಬಾಯಿ ನೋಡಿದಿರಾ? ಕುಣಿಸಲು ತಂದ ಮರಿಗೆ ಕಾದ ಸೂಜಿಯಿಂದ ಮೂಗು ಚುಚ್ಚಿ ಹಗ್ಗ ಪೋಣಿಸುತ್ತಿದ್ದರು. ಕೋರೆಹಲ್ಲು ಮುರಿಯುತ್ತಿದ್ದರು, ಉಗುರು ಕತ್ತರಿಸುತ್ತಿದ್ದರು. ಕಾಡಿನ ಕರಡಿ ಹುತ್ತ ಬಗೆಯುವುದು ಉಗುರಿನಿಂದಲೇ ಅಲ್ವಾ? ಬಗೆದು, ಮೂಗಿನ ಹೊಳ್ಳೆ ಮುಚ್ಚಿಕೊಂಡು, ತುಟಿ ಮುಂದೆ ಚಾಚಿ ಗೆದ್ದಲನ್ನು ಸೊರ್ ಅಂತ ಹೀರುತ್ತದೆ. ಈ ವಿದ್ಯೆ ಬರುವುದು ತಾಯಿಯಿಂದ. ಮರಿ ತಾಯಿಯ ಬೆನ್ನೇರಿ ತಿರುಗುತ್ತದೆ, ಎರಡು ವರ್ಷಕ್ಕೂ ಜಾಸ್ತಿ ಅವಳ ಜೊತೆಗೇ ಇರುತ್ತದೆ. ಇವಕ್ಕೆ ಆ ತಾಯಿಯೇ ಸಿಗಲಿಲ್ಲ. ಎಷ್ಟೋ ಸಲ ಅವಳನ್ನು ಕೊಂದೇ ಮರಿ ತರುತ್ತಿದ್ದರು.

ಇನ್ನೊಂದು ಭಯ ಕ್ಷಯದ್ದು. ಜನರ ನಡುವೆ ಬೆಳೆದ ಈ ಕರಡಿಗಳಲ್ಲಿ ಅದು ಕಾಣಿಸಿಕೊಂಡಿದೆ. ದರೋಜಿಯ ಕರಡಿಗಳಿಗೆ ಅಂಟಿದರೆ? 1994ರಿಂದ ಕಾಪಾಡಿಕೊಂಡು ಬಂದ ಧಾಮ ಅದು. ಹಾಗಾಗಿ ಇವಕ್ಕೆ ಬನ್ನೇರುಘಟ್ಟದ ಗಂಜಿ, ಹಣ್ಣು, ಜೇನೇ ಗತಿ. ಇದು ಪೂರ್ತಿ ಬಿಡುಗಡೆ ಅಂತ ನಾನೂ ಹೇಳುವುದಿಲ್ಲ.

ಎಲ್ಲ ಪ್ರಾಣಿಗೂ ಇದೇ ಲೆಕ್ಕ ಅಲ್ಲ. ಬಾವಿಗೆ ಬಿದ್ದ, ಹೊಲದ ಉರುಳಿಗೆ ಸಿಕ್ಕಿದ ಕರಡಿ ಕಾಡಿನಲ್ಲೇ ಬೆಳೆದದ್ದು. ಗಾಯ ವಾಸಿಯಾಗುವಂಥದ್ದಾದರೆ ಚಿಕಿತ್ಸೆ ಕೊಟ್ಟು, ಆದಷ್ಟು ಬೇಗ ತನ್ನ ಜಾಗಕ್ಕೇ ಬಿಡಬೇಕು. ಪಾಪ ಅಂತ ಸುಮ್ನೆ ತಿಂಗಳುಗಟ್ಟಲೆ ಸಾಕಿದರೆ ಮನುಷ್ಯರ ಸಲಿಗೆ ಬೆಳೆದು ಅದಕ್ಕೇ ಕುತ್ತು.

ಕುಣಿಸುತ್ತಿದ್ದ ಕಲಂದರ್ ಜನರನ್ನು ಬೈದು ಸುಮ್ಮನಾಗುವುದೂ ಸುಲಭ. ಅವರಿಗೆ ಬೇರೆ ಕಸುಬಿಗೆ ಹಣ ಕೊಟ್ಟು, ಮಕ್ಕಳನ್ನು ಶಾಲೆಗೆ ಸೇರಿಸಿದ್ದರಿಂದಲೇ ಹಗ್ಗ ಕೈಬಿಟ್ಟಿತು. ಕೊನೆಯ ಕುಣಿಯುವ ಕರಡಿ 2009ರಲ್ಲಿ ನಮ್ಮ ರಾಜ್ಯದಲ್ಲೇ ಬಿಡುಗಡೆಯಾಯಿತು. ಇಷ್ಟಕ್ಕೂ ದುಡ್ಡು ಕೊಟ್ಟು ನೋಡಿದವರು ನಾವೇ. ಹೆದರಿಕೆ ಹೋಗಲಿ ಅಂತ ನನ್ನನ್ನೂ ಕರಡಿಯ ಮೇಲೆ ಕೂರಿಸಿದ್ದರು. ಅದರ ಕೂದಲಿನ ತಾಯಿತ ಬಹಳ ದಿನ ನನ್ನ ಸೊಂಟದಲ್ಲಿತ್ತು.

ಮಗಳಿಗೆ ಒಂದು ಮಾತು ಹೇಳಿ. ಅದು ಕುಣಿತ ಅಲ್ಲ. ವರ್ಷಗಟ್ಟಲೆ ಗಿಡ್ಡ ಹಗ್ಗದಲ್ಲಿ ನಿಂತು ಬಂದ ಅಭ್ಯಾಸ. ಹಗ್ಗ ಬಿಚ್ಚಿದರೂ ಕೆಲವು ಕರಡಿ ಅಷ್ಟೇ ಜಾಗದಲ್ಲಿ ತೂಗುತ್ತಿರುತ್ತವೆ.