ವೈಫೈ ಇದೆ, ಇಂಟರ್ನೆಟ್ ಇಲ್ಲ: ಹೊಸ ರೂಟರ್ ಕೊಳ್ಳುವ ಮೊದಲು ದೀಪ ನೋಡಿ

ಪ್ರಶ್ನೆ: ನಮ್ಮ ಮನೆ ಬೆಟಗೇರಿಯಲ್ಲಿದೆ. ಫೈಬರ್ ಸಂಪರ್ಕವಿದೆ. ನಾಲ್ಕು ದಿನಗಳಿಂದ ಮೊಬೈಲಿನಲ್ಲಿ ವೈಫೈ ಸೇರಿಕೊಂಡಿದೆ ಎಂದೇ ತೋರಿಸುತ್ತದೆ, ಆದರೆ ಏನೂ ತೆರೆಯುವುದಿಲ್ಲ. ಆಫ್ ಮಾಡಿ ಆನ್ ಮಾಡಿದ್ದಾಯಿತು. ಮಗ ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚಿ ರೀಸೆಟ್ ಮಾಡಿದ. ವೈಫೈ ಹೆಸರೇ ಬದಲಾಯಿತು, ಇಂಟರ್ನೆಟ್ ಮಾತ್ರ ಬರಲಿಲ್ಲ. ಮಗಳ ಪಿಯುಸಿ ಪಾಠ ನಿಂತಿದೆ. ಅಂಗಡಿಯವರು ಹೊಸ ರೂಟರ್ ತೆಗೆದುಕೊಳ್ಳಿ ಎನ್ನುತ್ತಾರೆ. ಕೊಳ್ಳಬೇಕೇ?

ಉತ್ತರ: ಬೇಡ, ಈಗಲೇ ದುಡ್ಡು ಬಿಚ್ಚಬೇಡಿ. ಮೊಬೈಲ್ ಸೇರಿಕೊಳ್ಳುತ್ತಿದೆ ಎಂದರೆ ರೂಟರಿನ ವೈಫೈ ಭಾಗಕ್ಕೆ ಜೀವವಿದೆ. ನಿಮ್ಮ ಊರಿನವರಿಗೆ ನೀರಿನ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ: ಮನೆಯೊಳಗಿನ ನಳ, ಪೈಪು ಎಲ್ಲ ಸರಿ ಇವೆ, ಬೀದಿಯಿಂದ ನೀರು ಬಂದಿಲ್ಲ. ಮೊಬೈಲಿನಿಂದ ರೂಟರಿನವರೆಗಿನದು ವೈಫೈ, ಅಲ್ಲಿಂದಾಚೆಗಿನದು ಇಂಟರ್ನೆಟ್. ಮಗಳ ಪಾಠ ಇನ್ನೊಂದು ದಿನವೂ ನಿಲ್ಲಬಾರದು. ಈ ರಾತ್ರಿಯೇ ನಿಮ್ಮ ಮೊಬೈಲಿನ ಹಾಟ್‌ಸ್ಪಾಟ್ ಹಚ್ಚಿ ಕೊಡಿ. ಆಮೇಲೆ ನಿಧಾನವಾಗಿ ಹುಡುಕೋಣ.

ಮೊದಲು ಪ್ಲಾನಿನ ಅವಧಿ ಮುಗಿದಿದೆಯೇ ನೋಡಿ. ಅವಧಿ ಮುಗಿದರೂ ದೀಪಗಳೆಲ್ಲ ಹಸಿರಾಗಿಯೇ ಉರಿಯಬಹುದು.

ಇನ್ನು ಫೈಬರ್ ತಂತಿ ಸೇರುವ ಪೆಟ್ಟಿಗೆಯ ಮುಂದೆ ಕುಳಿತುಕೊಳ್ಳಿ. ‘ಎಲ್‌ಒಎಸ್’ (LOS) ಎಂಬ ದೀಪ ಕೆಂಪಾಗಿ ಮಿಣುಕುತ್ತಿದ್ದರೆ ಹೊರಗಿನಿಂದ ಬೆಳಕು ತಲುಪುತ್ತಿಲ್ಲ ಎಂದರ್ಥ. ಆಗ ಸೆಟ್ಟಿಂಗ್ ತಿದ್ದಿಯೂ ಫಲವಿಲ್ಲ, ರೀಸೆಟ್ ಮಾಡಿಯೂ ಫಲವಿಲ್ಲ. ತಂತಿಯನ್ನೇ ನೋಡಬೇಕು. ಧಾರವಾಡದ ಸಪ್ತಾಪುರದಲ್ಲಿ ಒಂದು ಮನೆಗೆ ಹೋಗಿದ್ದೆ. ಪಡಸಾಲೆಯ ಕಪಾಟನ್ನು ಸುಣ್ಣ ಬಳಿಯಲೆಂದು ಸರಿಸಿ, ಮತ್ತೆ ಗೋಡೆಗೆ ಒತ್ತಿ ಇಟ್ಟಿದ್ದರು. ಅದರ ಹಿಂದೆ ತೆಳು ಫೈಬರ್ ತಂತಿ ಮಡಿಸಿದ ಕಾಗದದಂತೆ ಬಿಗಿಯಾಗಿ ಬಾಗಿತ್ತು. ಕಪಾಟನ್ನು ಗೇಣುದ್ದ ಎಳೆದು, ಅಂಗೈ ಅಗಲದ ಸಡಿಲ ಸುರುಳಿ ಮಾಡಿ ಬಿಟ್ಟೆ. ಎರಡು ನಿಮಿಷದಲ್ಲಿ ಕೆಂಪು ದೀಪ ಆರಿತು. ಒಳಗಿನ ಗಾಜಿನ ಎಳೆಯ ದಪ್ಪ 125 ಮೈಕ್ರಾನ್, ಅಂದರೆ ಹೆಚ್ಚುಕಡಿಮೆ ಒಂದು ಕೂದಲಿನಷ್ಟು. ಅದರ ನಡುವೆ ಬೆಳಕು ಹರಿಯುವ ದಾರಿ ಸುಮಾರು 9 ಮೈಕ್ರಾನ್ ಮಾತ್ರ. ಬಿಗಿಯಾಗಿ ಬಾಗಿಸಿದರೆ ಬೆಳಕು ಅಲ್ಲೇ ಸೋರಿಹೋಗುತ್ತದೆ, ಎಳೆ ತುಂಡಾಗಬೇಕೆಂದೇನೂ ಇಲ್ಲ. ಅದರ ತುದಿಯನ್ನು ಕಿತ್ತು ಸೆರಗಿನಿಂದ ಒರೆಸಬೇಡಿ, ಒಳಗೆ ಇಣುಕಲೂ ಬೇಡಿ. ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಅದು ಲೇಸರ್. ತಂತಿ ಎಲ್ಲಿಯೂ ಮಡಿಸಿಲ್ಲದಿದ್ದರೆ ದೋಷ ಬೀದಿಯಲ್ಲಿರಬಹುದು: ರಸ್ತೆ ಅಗೆತ, ಕೊಂಬೆ, ಮಂಗ, ಇಲಿ. ಕಂಪನಿಗೆ ‘ಎಲ್‌ಒಎಸ್ ಕೆಂಪು’ ಎಂದೇ ಹೇಳಿ ದೂರಿನ ಸಂಖ್ಯೆ ಪಡೆಯಿರಿ. ‘ನೆಟ್ ಬರುತ್ತಿಲ್ಲ’ ಎಂದಷ್ಟೇ ಹೇಳಿದರೆ ಆಫ್ ಮಾಡಿ ಆನ್ ಮಾಡಿ ಎಂಬ ಪಾಠ ಮತ್ತೆ ಶುರುವಾಗುತ್ತದೆ.

ಆ ಕೆಂಪು ದೀಪವಿಲ್ಲದೆ ‘ಪಾನ್’ (PON) ದೀಪ, ಅಂದರೆ ಕಂಪನಿಯ ಫೈಬರ್ ಜಾಲ ಸಿಕ್ಕಿದೆ ಎಂದು ತೋರಿಸುವ ದೀಪ, ಹಸಿರಾಗಿ ನಿಂತಿದ್ದರೆ ನನ್ನ ಗುಮಾನಿ ಆ ಪಿನ್ನಿನ ಮೇಲೆ. ವೈಫೈ ಹೆಸರು ಬದಲಾದದ್ದು ಎಲ್ಲ ಸೆಟ್ಟಿಂಗ್ ಅಳಿಸಿಹೋಗಿದೆ ಎಂಬುದರ ಗುರುತು. ಹಲವು ಕಂಪನಿಗಳ ಸಂಪರ್ಕಕ್ಕೆ ‘ಪಿಪಿಪಿಒಇ’ (PPPoE) ಯೂಸರ್‌ನೇಮ್, ಪಾಸ್‌ವರ್ಡ್, ಅಂದರೆ ರೂಟರ್ ಕಂಪನಿಯ ಜಾಲಕ್ಕೆ ಲಾಗಿನ್ ಆಗುವ ಗುರುತು ಬೇಕು, ಅವೂ ಅಳಿಸಿಹೋಗಿರುತ್ತವೆ. ಇವು ವೈಫೈ ಪಾಸ್‌ವರ್ಡ್ ಅಲ್ಲ. ಮೊದಲಿನ ದೋಷ ತಾನಾಗಿಯೇ ಸರಿಹೋಗಿದ್ದರೂ ಇವಿಲ್ಲದೆ ಸಂಪರ್ಕ ಕೂಡಿಕೊಳ್ಳುವುದಿಲ್ಲ. ಮಗನನ್ನು ಗದರಬೇಡಿ, ಅನುಭವಿಗಳೂ ಹೀಗೆ ಮಾಡುತ್ತಾರೆ. ಕಂಪನಿಗೆ ಫೋನ್ ಮಾಡಿ ಆ ಎರಡನ್ನೂ, ವಿಲ್ಯಾನ್ (VLAN) ಸಂಖ್ಯೆ, ಅಂದರೆ ಕಂಪನಿಯ ಜಾಲದಲ್ಲಿ ನಿಮ್ಮ ಸಂಪರ್ಕ ಹಾಯುವ ದಾರಿಯ ಸಂಖ್ಯೆ ಇದ್ದರೆ ಅದನ್ನೂ ಕೇಳಿ ಬರೆದುಕೊಳ್ಳಿ. ಬ್ರೌಸರಿನಲ್ಲಿ 192.168.1.1 ಎಂದು ಹಾಕಿದರೆ ಹಲವು ರೂಟರುಗಳ ಸೆಟ್ಟಿಂಗ್ ಪುಟ ತೆರೆಯುತ್ತದೆ, ಇವನ್ನು ಅಲ್ಲಿ ತುಂಬಿ. ಇಲ್ಲದಿದ್ದರೆ ಸರಿಯಾದ ವಿಳಾಸ ಪೆಟ್ಟಿಗೆಯ ತಳದ ಚೀಟಿಯಲ್ಲಿರುತ್ತದೆ. ಆಗ ಮೊಬೈಲ್ ಡೇಟಾ ಆಫ್ ಇರಲಿ. ಕೆಲವು ಕಂಪನಿಗಳು ಇದನ್ನೆಲ್ಲ ದೂರದಿಂದಲೇ ತುಂಬಿಕೊಡುತ್ತವೆ, ಕೇಳಿ ನೋಡಿ.

ಎಲ್ಲ ದೀಪ ಸರಿಯಿದ್ದು, ಕಂಪ್ಯೂಟರಿನಿಂದ 8.8.8.8 ಎಂಬ ವಿಳಾಸಕ್ಕೆ ಪಿಂಗ್ ಮಾಡಿದರೆ (ಅಂದರೆ ‘ಇದ್ದೀಯಾ’ ಎಂದು ಕೂಗಿ ನೋಡಿದರೆ) ಉತ್ತರ ಬಂದು, ಜಾಲತಾಣದ ಹೆಸರು ಹಾಕಿದರೆ ಮಾತ್ರ ತೆರೆಯದಿದ್ದರೆ ಅದು ಡಿಎನ್‌ಎಸ್ ತೊಂದರೆ, ಅಂದರೆ ಜಾಲತಾಣದ ಹೆಸರನ್ನು ಅಂಕಿಯ ವಿಳಾಸಕ್ಕೆ ಬದಲಿಸುವ ವ್ಯವಸ್ಥೆಯ ತೊಂದರೆ. ರೂಟರಿನಲ್ಲಿ ಡಿಎನ್‌ಎಸ್ ಜಾಗಕ್ಕೆ 8.8.8.8 ಅಥವಾ 1.1.1.1 ಹಾಕಿ.

ಪ್ರಶ್ನೆ: ಹುಬ್ಬಳ್ಳಿಯ ಕೇಶ್ವಾಪುರದಲ್ಲಿದ್ದೇವೆ. ಕರೆಂಟು ಹೋಗಿ ಬಂದಾಗಲೆಲ್ಲ ವೈಫೈ ಬರುತ್ತದೆ, ಇಂಟರ್ನೆಟ್ ಬರುವುದಿಲ್ಲ. ಎರಡು ಪೆಟ್ಟಿಗೆಗಳಿವೆ.

ಉತ್ತರ: ಫೈಬರ್ ಪೆಟ್ಟಿಗೆ ಪೂರ್ತಿ ಎಚ್ಚರಗೊಳ್ಳುವ ಮೊದಲೇ ರೂಟರ್ ಅದರ ಮೂಲಕ ಇಂಟರ್ನೆಟ್ ವಿಳಾಸ ಕೇಳಿ, ಉತ್ತರ ಸಿಗದೆ ಸುಮ್ಮನಾಗುತ್ತಿರಬಹುದು. ಎರಡನ್ನೂ ಆಫ್ ಮಾಡಿ. ಮೊದಲು ಫೈಬರ್ ಪೆಟ್ಟಿಗೆ ಹಚ್ಚಿ, ಪಾನ್ ದೀಪ ಸ್ಥಿರವಾದ ಮೇಲೆ ರೂಟರ್ ಹಚ್ಚಿ. ಹೀಗೆ ಮಾಡಿದಾಗ ಸರಿಹೋದರೆ ಎರಡಕ್ಕೂ ಸಣ್ಣ ಯುಪಿಎಸ್ ಹಾಕಿಸಿ. ಕೊಳ್ಳುವಾಗ ಎರಡೂ ಅಡಾಪ್ಟರುಗಳ ಮೇಲಿನ ವೋಲ್ಟು, ಆಂಪಿಯರ್ ಬರೆದುಕೊಂಡು ಅಂಗಡಿಗೆ ಹೋಗಿ.